ಶಾಲೆ ಬಿಟ್ಟ ಮಗನಿಗೆ ಎರಡನೇ ಅವಕಾಶ ಕೊಡುವವರು ಯಾರು?

(ಕರಾವಳಿಯ ಪಟ್ಟಣವೊಂದರಲ್ಲಿ ಜಮಾಅತಿನ ವತಿಯಿಂದ ಏರ್ಪಡಿಸಲಾಗಿದ್ದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬದುಕಿನಲ್ಲಿ ಯಶಸ್ವಿಯಾಗಲು ಶಾಲಾ ಶಿಕ್ಷಣ ಅಗತ್ಯವೇ? ಸಂಘಟಕರು ನಮಗೆ ಕೊಟ್ಟಿರುವ ವಿಷಯ ಇದು. ಇಂಥ ವೇದಿಕೆಯಲ್ಲಿ ಈ ಪ್ರಶ್ನೆಗೆ ‘ಹೌದು’ ಎಂದು ಉತ್ತರಿಸಿ, ವಿದ್ಯೆಯ ಮಹಿಮೆಯನ್ನು ಅರ್ಧ ಗಂಟೆ ಕೊಂಡಾಡಿ ಕುಳಿತುಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಕಳೆದ ಎರಡು ದಶಕಗಳಲ್ಲಿ ನಮ್ಮ ಸಮುದಾಯದ ವೇದಿಕೆಗಳಲ್ಲಿ ಇಂಥ ಭಾಷಣಗಳು ಧಾರಾಳ ನಡೆದಿವೆ. ಅವುಗಳನ್ನು ಕೇಳಿ ತಲೆದೂಗಿದ ತಂದೆಯೇ ಮರುವಾರ ಮಗನ ವರ್ಗಾವಣೆ ಪತ್ರಕ್ಕಾಗಿ ಶಾಲೆಯ ಮುಂದೆ ನಿಂತದ್ದೂ ಇದೆ. ಹಾಗಾದರೆ ಭಾಷಣಕ್ಕೂ ಬದುಕಿಗೂ ನಡುವೆ ಎಲ್ಲೋ ಒಂದು ಕೊಂಡಿ ಕಳಚಿದೆ ಎಂದೇ ಅರ್ಥ.

ಆ ಕೊಂಡಿ ಎಲ್ಲಿ ಕಳಚಿದೆ ಎಂಬುದನ್ನು ನಮಗೆ ತೋರಿಸಿಕೊಟ್ಟವರು ಈ ಊರಿನ ಹಿರಿಯರೊಬ್ಬರು. ಎಲ್ಲರೂ ಗೌರವದಿಂದ ಹಾಜಿಯವರೆಂದು ಕರೆಯುವ ಅವರು ಕಳೆದ ವಾರ ಅಸರ್ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ನಮ್ಮನ್ನು ನಿಲ್ಲಿಸಿ ಹೀಗೆಂದರು:

“ಉಸ್ತಾದರೇ, ನೀವು ಭಾಷಣ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ಮನೆಯ ಒಂದು ಲೆಕ್ಕ ಬಿಡಿಸಿಕೊಡಿ. ನನ್ನ ಒಬ್ಬ ಮೊಮ್ಮಗ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಬಟ್ಟೆ ಅಂಗಡಿಗೆ ಸೇರಿದ. ಇನ್ನೊಬ್ಬ ಬಿ.ಕಾಂ. ಮುಗಿಸಿದ. ಬಿಟ್ಟವನು ಮನೆಗೆ ಅಕ್ಕಿ, ಮೀನು ತರುತ್ತಾನೆ. ಓದಿದವನು ಬೈಕಿಗೆ ಪೆಟ್ರೋಲ್ ಹಾಕಿಸಲು ತಮ್ಮನ ಮುಂದೆ ಕೈ ಚಾಚುತ್ತಾನೆ. ಈಗ ಹೇಳಿ, ಇವರಲ್ಲಿ ಗೆದ್ದವನು ಯಾರು?”

ಆ ಸಂಜೆ ನಮ್ಮಲ್ಲಿ ಉತ್ತರ ಇರಲಿಲ್ಲ. ಹಾಜಿಯವರು ಇಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರ ಅನುಮತಿ ಪಡೆದೇ ಈ ಮಾತನ್ನು ಇಲ್ಲಿ ಹೇಳುತ್ತಿದ್ದೇವೆ. ಈ ಭಾಷಣ ನಿಜವಾಗಿ ಅವರಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲನೆಯದಾಗಿ, ಹಾಜಿಯವರ ಲೆಕ್ಕ ತಪ್ಪಲ್ಲ. ಅದನ್ನು ಅಜ್ಞಾನದ ಮಾತೆಂದು ತಳ್ಳಿಹಾಕುವವರು ನಮ್ಮ ಸಮುದಾಯದ ಆರ್ಥಿಕ ಬದುಕನ್ನೇ ಅರಿತಿಲ್ಲ. 2005ರಲ್ಲಿ ನೇಮಕಗೊಂಡು 2006ರಲ್ಲಿ ವರದಿ ನೀಡಿದ ಸಾಚಾರ್ ಸಮಿತಿಯು, ದೇಶದ ಮುಸ್ಲಿಮ್ ದುಡಿಮೆಗಾರರಲ್ಲಿ ಸುಮಾರು 61 ಶೇಕಡಾ ಮಂದಿ ಸ್ವಂತ ಉದ್ಯೋಗದಲ್ಲಿದ್ದಾರೆ ಎಂದು ಹೇಳಿತ್ತು. ಅಂಗಡಿ, ಗ್ಯಾರೇಜು, ಮೀನು, ಹಣ್ಣು, ಗುಜರಿ, ಟೈಲರಿಂಗ್, ಲಾರಿ, ಆಟೋ- ಇವೇ ನಮ್ಮ ಕಚೇರಿಗಳು. ಇಲ್ಲಿ ಯಾರೂ ಅಂಕಪಟ್ಟಿ ಕೇಳುವುದಿಲ್ಲ. ತಂದೆಯ ಪಕ್ಕದಲ್ಲಿ ನಿಂತು ಕಲಿತ ಕಸುಬು ಸಾಕು. ಸಂಬಳದ ಕೆಲಸವೇ ದುರ್ಲಭವಾಗಿರುವ ಮನೆಯಲ್ಲಿ, ‘ಓದಿದರೆ ಏನು ಸಿಗುತ್ತದೆ’ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಓದಿಯೂ ಬಾಗಿಲು ತೆರೆಯದ ಅನುಭವ ಆ ಪ್ರಶ್ನೆಯ ಹಿಂದಿದೆ.

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇತ್ತು. 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ 25 ಶೇಕಡಾ ಮಕ್ಕಳು ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದರು. ಇವರೆಲ್ಲ ಮದ್ರಸಗಳಿಗೆ ಹೋಗುತ್ತಿದ್ದಾರೆ ಎಂದು ಅಂದು ಅನೇಕರು ನಂಬಿದ್ದರು. ಆದರೆ ಪೂರ್ಣಾವಧಿ ಮದ್ರಸಗಳಲ್ಲಿ ಕಲಿಯುವವರು ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಸುಮಾರು 3 ಶೇಕಡಾ ಮಾತ್ರ ಎಂಬುದನ್ನು ಆ ಸಮಿತಿಯೇ ಸ್ಪಷ್ಟಪಡಿಸಿತು. ಹಾಗಾದರೆ ಉಳಿದ ಮಕ್ಕಳು ಎಲ್ಲಿದ್ದರು? ಅಂಗಡಿಯ ಕಟ್ಟೆಯ ಮೇಲೆ, ಗ್ಯಾರೇಜಿನ ವಾಹನದ ಅಡಿಯಲ್ಲಿ, ಮನೆಯೊಳಗೆ. 20 ವರ್ಷ ದಾಟಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಅಂದು 4 ಶೇಕಡಾಕ್ಕಿಂತಲೂ ಕಡಿಮೆ ಇದ್ದರು. ಈ ಚಿತ್ರ ಅಂದಿನಿಂದ ಬಹಳಷ್ಟು ಬದಲಾಗಿದೆ ನಿಜ. ನಮ್ಮ ಕರಾವಳಿಯಲ್ಲಂತೂ ಶಾಲೆಗೆ ಸೇರದ ಮಗುವನ್ನು ಹುಡುಕುವುದೇ ಕಷ್ಟ. ಆದರೆ ಒಂಬತ್ತು, ಹತ್ತನೇ ತರಗತಿಯ ಹೊತ್ತಿಗೆ ಕಾಣೆಯಾಗುವ ಗಂಡು ಹುಡುಗರನ್ನು ಹುಡುಕುವುದು ಇಂದಿಗೂ ಕಷ್ಟವಲ್ಲ. ಹತ್ತಿರದ ಪೇಟೆಗೆ ಹೋದರೆ ಸಾಕು.

ಶಾಲೆ ಬಿಟ್ಟ ಹುಡುಗರನ್ನು ಪ್ರಶ್ನಿಸಿದರೆ ಅವರು ಮೊಬೈಲ್ ತೆರೆದು ವೀಡಿಯೊ ತೋರಿಸುತ್ತಾರೆ. ‘ಬಿಲ್ ಗೇಟ್ಸ್ ಕಾಲೇಜು ಬಿಟ್ಟವರು, ಅಝೀಮ್ ಪ್ರೇಮ್‌ಜಿ ಕಾಲೇಜು ಬಿಟ್ಟವರು’ ಎಂದು ಆ ವೀಡಿಯೊ ಸಾರುತ್ತದೆ. ಆದರೆ ಅವರು ಬಿಟ್ಟದ್ದು ಯಾವ ಕಾಲೇಜು ಎಂಬುದನ್ನು ಅದು ಹೇಳುವುದಿಲ್ಲ. ಗೇಟ್ಸ್ 1975ರಲ್ಲಿ ಬಿಟ್ಟದ್ದು ಹಾರ್ವರ್ಡ್ ವಿಶ್ವವಿದ್ಯಾಲಯವನ್ನು. ಅದಕ್ಕೂ ಮುನ್ನ, 1968ರಲ್ಲೇ, ಅವರು ಕಲಿಯುತ್ತಿದ್ದ ಶಾಲೆಯಲ್ಲಿ ಮಕ್ಕಳಿಗೆ ಬಳಸಲು ಕಂಪ್ಯೂಟರ್ ಸೌಲಭ್ಯ ಇತ್ತು. ಜಗತ್ತಿನ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲೂ ಆಗ ಅದು ಅಪರೂಪವಾಗಿತ್ತು. ಅಂದರೆ ಅವರನ್ನು ರೂಪಿಸಿದ್ದೇ ಶಾಲೆ. ಪ್ರೇಮ್‌ಜಿಯವರು 1966ರಲ್ಲಿ ಅಮೇರಿಕದ ಸ್ಟ್ಯಾನ್‌ಫರ್ಡ್ ಬಿಟ್ಟು ಬಂದದ್ದು ತಂದೆಯ ಅಕಾಲಿಕ ನಿಧನದಿಂದಾಗಿ. ಆಗ ಅವರಿಗೆ 21 ವರ್ಷ. ಸಂಸ್ಥೆಯ ಹೊಣೆ ಹೆಗಲೇರಿತು. ಅವರು ಅದನ್ನು ದೇಶದ ದೊಡ್ಡ ಉದ್ಯಮವಾಗಿ ಬೆಳೆಸಿದರು. ವಿಶೇಷವೇನೆಂದರೆ, ಕೋಟ್ಯಧಿಪತಿಯಾದ ಮೇಲೂ, ಸುಮಾರು ಮೂವತ್ತು ವರ್ಷಗಳ ಬಳಿಕ, ಅರ್ಧಕ್ಕೆ ನಿಂತಿದ್ದ ಆ ಪದವಿಯನ್ನು ಅವರು ಪೂರ್ತಿಗೊಳಿಸಿದರು. ಆ ಕಾಗದದಿಂದ ಅವರಿಗೆ ಒಂದು ರೂಪಾಯಿಯ ಲಾಭವೂ ಇರಲಿಲ್ಲ. ಆದರೂ ಅವರು ಪೂರ್ತಿಗೊಳಿಸಿದರು. ಬಳಿಕ ತಮ್ಮ ಸಂಪತ್ತಿನ ಬಹುಭಾಗವನ್ನು ಸರಕಾರಿ ಶಾಲೆಗಳ ಮಕ್ಕಳ ಶಿಕ್ಷಣವೇ ಮುಖ್ಯವಾಗಿರುವ ಸೇವಾಕಾರ್ಯಕ್ಕೆ ಮೀಸಲಿಟ್ಟರು. ಶಾಲೆ ಬಿಡಲು ಇವರನ್ನು ಸಾಕ್ಷಿಯಾಗಿ ಕರೆಯುವುದು ಎಷ್ಟು ಸರಿ?

ಅಷ್ಟು ದೂರ ಯಾಕೆ ಹೋಗಬೇಕು? ‘ನಮ್ಮ ಹರೇಕಳ ಹಾಜಬ್ಬರು ಶಾಲೆ ಕಂಡವರಲ್ಲ, ಅವರಿಗೆ ಪದ್ಮಶ್ರೀ ಬರಲಿಲ್ಲವೇ’ ಎಂದು ಕೇಳುವವರಿದ್ದಾರೆ. ಹಾಜಬ್ಬರ ಹೆಸರನ್ನು ನಮ್ಮ ಸಭೆಗಳಲ್ಲಿ ಎಷ್ಟು ಬಾರಿ ಹೇಳಲಾಗಿದೆ ಎಂದರೆ, ಅವರ ಬದುಕು ಏನನ್ನು ಹೇಳುತ್ತಿದೆ ಎಂಬುದನ್ನೇ ನಾವು ಮರೆತಂತಿದೆ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದ ಅವರಲ್ಲಿ ಒಮ್ಮೆ ವಿದೇಶಿ ದಂಪತಿ ಹಣ್ಣಿನ ಬೆಲೆ ಕೇಳಿದರು. ಭಾಷೆ ಅರ್ಥವಾಗಲಿಲ್ಲ. ಅವರು ಹಣ್ಣು ಕೊಳ್ಳದೆ ಹೋದರು. ಆ ಒಂದು ಕ್ಷಣದ ಅಸಹಾಯಕತೆಯನ್ನು ಹಾಜಬ್ಬರು ಎದೆಯಲ್ಲಿಟ್ಟುಕೊಂಡು ಊರಿಗೆ ಬಂದರು. ತನ್ನ ನ್ಯೂಪಡ್ಪುವಿನ ಮಕ್ಕಳಿಗೆ ಈ ಸ್ಥಿತಿ ಬರಬಾರದೆಂದು ಕಚೇರಿಯಿಂದ ಕಚೇರಿಗೆ ಅಲೆದರು. ಆ ಶಾಲೆ ಆರಂಭವಾದದ್ದು ಇಪ್ಪತ್ತೆಂಟು ಮಕ್ಕಳೊಂದಿಗೆ, ಅದೂ ಮಸೀದಿಯ ಮದ್ರಸದ ಕಟ್ಟಡದಲ್ಲಿ. 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ಪಡಿತರ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದರು. ಶಾಲೆ ಇಲ್ಲದೆಯೂ ಬದುಕಬಹುದೆಂದು ಯಾರಾದರೂ ಹೇಳಬಹುದಾಗಿದ್ದರೆ ಅದನ್ನು ಹೇಳುವ ಅರ್ಹತೆ ಅವರಿಗಿತ್ತು. ಆದರೆ ಅವರು ತನ್ನ ಗಳಿಕೆಯನ್ನು ಶಾಲೆಗೆ ಸುರಿದರು. ಶಾಲೆ ಕಾಣದ ಮನುಷ್ಯ ಕೊಟ್ಟಿರುವ ಈ ಸಾಕ್ಷ್ಯವನ್ನು ಶಾಲೆಯ ವಿರುದ್ಧ ಬಳಸುವುದು ಆ ಹಿರಿಯರಿಗೆ ಮಾಡುವ ಅನ್ಯಾಯ.

ಸಹೋದರರೇ, ದೊಡ್ಡವರ ಮಾತು ಇಲ್ಲಿಗೆ ಸಾಕು. ಈಗ ನಮ್ಮದೇ ವಿಷಯಕ್ಕೆ ಬರೋಣ. ನಾವು ಒಂಬತ್ತು ಮಂದಿ ಸಹಪಾಠಿಗಳು ಒಂದೇ ಅರಬಿ ಕಾಲೇಜಿನಲ್ಲಿ, ಒಂದೇ ಚಾಪೆಯ ಮೇಲೆ ಕುಳಿತು ಕಲಿತವರು. 2010ರ ಹೊತ್ತಿಗೆ ಒಟ್ಟಿಗೇ ಸನದು ಪಡೆದು ಹೊರಬಂದೆವು. ಧಾರ್ಮಿಕ ವಿದ್ಯೆಯಲ್ಲಿ ಹಲವು ವರ್ಷ ಕಳೆದಿದ್ದ ನಮ್ಮಲ್ಲಿ ಯಾರ ಕೈಯಲ್ಲೂ ಎಸೆಸೆಲ್ಸಿ ಅಂಕಪಟ್ಟಿ ಇರಲಿಲ್ಲ. ಉಸ್ತಾದರೊಬ್ಬರ ಒತ್ತಾಯಕ್ಕೆ ಮಣಿದು ನಾವು ನಾಲ್ವರು ಖಾಸಗಿ ಅಭ್ಯರ್ಥಿಗಳಾಗಿ ಎಸೆಸೆಲ್ಸಿ ಪರೀಕ್ಷೆಗೆ ಕುಳಿತೆವು. ಗಡ್ಡ ಬಂದ ನಾವು ಮೀಸೆ ಚಿಗುರದ ಹುಡುಗರ ನಡುವೆ ಕುಳಿತಾಗ ಪರೀಕ್ಷಾ ಮೇಲ್ವಿಚಾರಕರೆಂದೇ ಭಾವಿಸಿ ಹುಡುಗರು ಎದ್ದು ನಿಂತದ್ದುಂಟು. ಮುಜುಗರವಾಗಿತ್ತು, ಆದರೆ ಉತ್ತೀರ್ಣರಾದೆವು. ಬಳಿಕ ಪಿಯುಸಿ, ಆ ಬಳಿಕ ಬಿ.ಎ. ಉಳಿದ ಐವರು, ‘ಸನದು ಇದೆಯಲ್ಲ, ಇನ್ನೇಕೆ’ ಎಂದು ದುಡಿಮೆಗೆ ಇಳಿದರು.

ಆ ಐವರಲ್ಲಿ ಒಬ್ಬ ನಮ್ಮೆಲ್ಲರಿಗಿಂತ ಪ್ರತಿಭಾವಂತ. ಅರಬಿ ವ್ಯಾಕರಣದ ಕಗ್ಗಂಟುಗಳನ್ನು ನಾವು ಬಿಡಿಸಿಕೊಳ್ಳುತ್ತಿದ್ದುದೇ ಅವನಿಂದ. ಅವನು ಪಾಸ್‌ಪೋರ್ಟ್ ಮಾಡಿಸಲು ಹೋದಾಗಲೇ ಮೊದಲ ಪಾಠ ಸಿಕ್ಕಿತು. 1983ರ ವಲಸೆ ಕಾಯ್ದೆಯಡಿ ರೂಪುಗೊಂಡ ವ್ಯವಸ್ಥೆಯಲ್ಲಿ, ಹತ್ತನೇ ತರಗತಿ ಉತ್ತೀರ್ಣನಾಗದ ವ್ಯಕ್ತಿಗೆ ಸಾಮಾನ್ಯವಾಗಿ ‘ಇ.ಸಿ.ಆರ್.’ ಪಾಸ್‌ಪೋರ್ಟ್ ಸಿಗುತ್ತದೆ. ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕಾಗಿ ಹೋಗಬೇಕಾದರೆ ಅಂಥವರು ವಲಸೆ ಅಧಿಕಾರಿಯ ಅನುಮತಿ ಪಡೆಯಬೇಕು. ಹತ್ತನೇ ತರಗತಿಯ ಅಂಕಪಟ್ಟಿ ಇದ್ದವನಿಗೆ ಇದರ ಅಗತ್ಯವಿಲ್ಲ. ಈ ನಿಯಮ ಅವಮಾನಕ್ಕಾಗಿ ಮಾಡಿದ್ದಲ್ಲ, ಶೋಷಣೆಯಿಂದ ರಕ್ಷಿಸಲು ಮಾಡಿದ್ದು. ಆದರೆ ಅದರ ಒಳಗಿನ ಅರ್ಥವನ್ನು ಗಮನಿಸಿ. ಹತ್ತನೇ ತರಗತಿ ದಾಟದವನನ್ನು ಯಾರು ಬೇಕಾದರೂ ವಂಚಿಸಬಹುದು, ಆದ್ದರಿಂದ ಅವನಿಗೊಬ್ಬ ಕಾವಲುಗಾರ ಬೇಕು ಎಂದು ಕಾನೂನೇ ಒಪ್ಪಿಕೊಂಡಿದೆ.

ಗೆಳೆಯ ಕೊಲ್ಲಿಗೆ ಹೋದ. ಗೋದಾಮಿನಲ್ಲಿ ಸರಕು ಎತ್ತುವ ಕೆಲಸ. ಎರಡು ವರ್ಷಗಳ ಬಳಿಕ ಅದೇ ಕಂಪೆನಿಯಲ್ಲಿ ಅರಬಿ ಪತ್ರವ್ಯವಹಾರ ನೋಡಿಕೊಳ್ಳುವ ಹುದ್ದೆಯೊಂದು ಖಾಲಿಯಾಯಿತು. ಅವನ ಅರಬಿಯನ್ನು ಕೇಳಿ ಬೆರಗಾಗಿದ್ದ ವ್ಯವಸ್ಥಾಪಕರು ಅವನನ್ನೇ ಕರೆದರು. ಆದರೆ ಹುದ್ದೆ ಬದಲಿಸಲು ದೃಢೀಕೃತ ಪದವಿ ಪ್ರಮಾಣಪತ್ರ ಬೇಕಿತ್ತು. ರಾಜ್ಯದ ಶಿಕ್ಷಣ ಇಲಾಖೆ, ವಿದೇಶಾಂಗ ಸಚಿವಾಲಯ, ರಾಯಭಾರ ಕಚೇರಿ- ಹೀಗೆ ಮುದ್ರೆಯ ಮೇಲೆ ಮುದ್ರೆ. ನಮ್ಮ ಸನದಿಗೆ ಈ ಯಾವ ಮುದ್ರೆಯೂ ಬೀಳಲಿಲ್ಲ. ಪದವಿ ಇದ್ದ, ಆದರೆ ಅರಬಿ ಸರಿಯಾಗಿ ಬಾರದ ಬೇರೊಬ್ಬರು ಆ ಹುದ್ದೆಗೆ ಬಂದರು. ಮುಂದಿನ ವರ್ಷಗಳಲ್ಲಿ ಆ ಕಚೇರಿಯ ಕಷ್ಟದ ಪತ್ರಗಳನ್ನೆಲ್ಲ ರಾತ್ರಿ ಕ್ಯಾಂಪಿನಲ್ಲಿ ಕುಳಿತು ಬರೆದವನು ನಮ್ಮ ಗೆಳೆಯ. ಸಹಿ ಮತ್ತು ಸಂಬಳ ಇನ್ನೊಬ್ಬರದು. ವಿದ್ಯೆ ಇದ್ದವನಿಗೆ ವಿದ್ಯೆಯ ಪುರಾವೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಾವು ಕಂಡಿಲ್ಲ.

2020ರ ಮೇ ತಿಂಗಳಲ್ಲಿ ಕೊರೋನಾದಿಂದಾಗಿ ಕೆಲಸ ಕಳಕೊಂಡವರನ್ನು ಹೊತ್ತ ವಿಮಾನಗಳು ಮಂಗಳೂರಿಗೆ ಬರತೊಡಗಿದವು. ಆ ವರ್ಷ ಮರಳಿದ ಸಾವಿರಾರು ಮಂದಿಯಲ್ಲಿ ಅವನೂ ಒಬ್ಬ. ಪ್ರಾಯ ಮೂವತ್ತು ದಾಟಿತ್ತು. ಹೆಂಡತಿ, ಎರಡು ಮಕ್ಕಳು. ಕೈಯಲ್ಲಿ ಒಂಬತ್ತು ವರ್ಷಗಳ ಅನುಭವ ಇತ್ತು, ತೋರಿಸಲು ಒಂದು ಹಾಳೆ ಇರಲಿಲ್ಲ.

ಹಾಜಿಯವರೇ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನಮಗೆ ಅನಿಸುತ್ತದೆ. ಮೊದಲ ಸಂಬಳದಲ್ಲಿ ಶಾಲೆ ಬಿಟ್ಟವನೇ ಗೆಲ್ಲುತ್ತಾನೆ. ಇದರಲ್ಲಿ ಅನುಮಾನವಿಲ್ಲ. ಓದುವವನು ಇನ್ನೂ ಫೀಸು ಕಟ್ಟುತ್ತಿರುವಾಗ ಬಿಟ್ಟವನು ದುಡಿಯುತ್ತಿರುತ್ತಾನೆ. ಆದರೆ ಬದುಕು ಒಂದೇ ಸಂಬಳಕ್ಕೆ ಮುಗಿಯುವುದಿಲ್ಲ. ಅಂಗಡಿ ಮುಚ್ಚಿದಾಗ, ಕಸುಬು ಹಳೆಯದಾದಾಗ, ಬೆನ್ನು ನೋಯತೊಡಗಿದಾಗ, ಪರದೇಶ ಬಾಗಿಲು ಹಾಕಿದಾಗ ಮತ್ತೊಮ್ಮೆ ಆರಂಭಿಸಬೇಕಾಗುತ್ತದೆ. ಆ ಎರಡನೇ ಅವಕಾಶವನ್ನು ಕೊಡಿಸುವುದು ಶಾಲೆ. ನಿಮ್ಮ ಇಬ್ಬರು ಮೊಮ್ಮಕ್ಕಳನ್ನು ಇಂದು ಅಳೆಯಬೇಡಿ, ಅವರ ನಲ್ವತ್ತನೇ ವಯಸ್ಸಿನಲ್ಲಿ ಅಳೆಯಿರಿ.

ಇದು ಬರಿಯ ಭಯ ಹುಟ್ಟಿಸುವ ಮಾತಲ್ಲ. ನಮ್ಮ ಕಣ್ಣೆದುರೇ ನಡೆದದ್ದು. ಊರಿನ ಎಸ್‌ಟಿಡಿ ಬೂತುಗಳು ಎಲ್ಲಿ ಹೋದವು? ಕ್ಯಾಸೆಟ್ ಅಂಗಡಿಗಳು ಎಲ್ಲಿ ಹೋದವು? ಒಂದು ಕಾಲದಲ್ಲಿ ನಮ್ಮ ತಾಯಂದಿರ ಕೈಗಳಿಗೆ ಆಧಾರವಾಗಿದ್ದ ಬೀಡಿ ಇಂದು ಯಾವ ಸ್ಥಿತಿಯಲ್ಲಿದೆ? ಸೌದಿ ಅರೇಬಿಯಾ 2011ರಲ್ಲಿ ‘ನಿತಾಖಾತ್’ ತಂದಾಗ, 2016ರಲ್ಲಿ ಮೊಬೈಲ್ ಅಂಗಡಿಗಳ ಕೆಲಸವನ್ನು ಪೂರ್ತಿಯಾಗಿ ಸ್ವದೇಶೀಯರಿಗೆ ಮೀಸಲಿಟ್ಟಾಗ, 2017ರಿಂದ ಕುಟುಂಬದ ಪ್ರತಿ ಸದಸ್ಯನ ಮೇಲೆ ತಿಂಗಳ ಶುಲ್ಕ ವಿಧಿಸಿದಾಗ ನಮ್ಮ ಎಷ್ಟು ಮನೆಗಳ ಲೆಕ್ಕ ತಲೆಕೆಳಗಾಯಿತು! ಕುವೈತ್ 2021ರ ಜನವರಿಯಿಂದ, ಅರುವತ್ತು ದಾಟಿದ, ಪದವಿ ಇಲ್ಲದ ವಿದೇಶೀಯರ ಕೆಲಸದ ಪರವಾನಿಗೆಯ ನವೀಕರಣವನ್ನೇ ತಡೆಯಿತು. ಭಾರೀ ಶುಲ್ಕದೊಂದಿಗೆ ಆ ನಿಯಮವನ್ನು ಬಳಿಕ ಸಡಿಲಿಸಲಾಯಿತಾದರೂ ಅದು ಕೊಟ್ಟ ಸೂಚನೆ ಸ್ಪಷ್ಟವಿತ್ತು. ಹಲವು ದಶಕ ಬೆವರು ಸುರಿಸಿದ ಮುದುಕನ ಮುಂದೆಯೂ ಒಂದು ದಿನ ‘ಎಷ್ಟು ಓದಿದ್ದೀಯಾ’ ಎಂಬ ಪ್ರಶ್ನೆ ಬಂದು ನಿಲ್ಲಬಹುದು.

ಹಾಗಂತ, ಶಾಲೆಗೆ ಹೋದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಹಾಜಿಯವರ ಬಿ.ಕಾಂ. ಮೊಮ್ಮಗ ಎದ್ದು ನಿಂತು ನಮ್ಮನ್ನು ಪ್ರಶ್ನಿಸಬಹುದು. ಕೈ ಕೆಲಸವನ್ನು ಕೀಳೆಂದು ಭಾವಿಸುವ ಪದವೀಧರನನ್ನು ತಯಾರಿಸುವ ಶಿಕ್ಷಣದಲ್ಲಿ ದೋಷವಿದೆ. ಕಸುಬಿನಲ್ಲಿರುವ ಜ್ಞಾನವನ್ನು ಜ್ಞಾನವೆಂದು ಒಪ್ಪದ ವ್ಯವಸ್ಥೆಯಲ್ಲೂ ದೋಷವಿದೆ. ಇದನ್ನು ಸರಕಾರವೇ ತಡವಾಗಿ ಅರಿತುಕೊಂಡಿತು. ಸಾರಿಗೆ ವಾಹನದ ಚಾಲನಾ ಪರವಾನಿಗೆಗೆ ಎಂಟನೇ ತರಗತಿ ಕಡ್ಡಾಯ ಎಂಬ ನಿಯಮ 2019ರಲ್ಲಿ ರದ್ದಾಯಿತು. ಚಾಲಕನಿಗೆ ಬೇಕಾದದ್ದು ಚಾಲನೆಯ ಕೌಶಲ ಎಂಬುದು ಅದರ ಹಿಂದಿನ ತರ್ಕ. 2015ರಲ್ಲಿ ಆರಂಭವಾದ ಕೇಂದ್ರದ ಕೌಶಲ ಯೋಜನೆಯಲ್ಲಿ, ಕೆಲಸ ಮಾಡಿಯೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನೂ ಸೇರಿಸಲಾಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಇವು ಬಿಟ್ಟುಹೋದವರಿಗೆ ಹಾಕಿದ ಏಣಿಗಳು. ಏಣಿ ಇದೆ ಎಂದು ಯಾರಾದರೂ ಮಗನನ್ನು ಬಾವಿಗೆ ಇಳಿಸುತ್ತಾರೆಯೇ?

ಸರಕಾರದ ಹೊಣೆಯನ್ನೂ ಇಲ್ಲಿ ಹೇಳದಿರಲು ಸಾಧ್ಯವಿಲ್ಲ. 2022ರಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತರ ಮೆಟ್ರಿಕ್-ಪೂರ್ವ ವಿದ್ಯಾರ್ಥಿವೇತನವನ್ನು ಒಂಬತ್ತು ಮತ್ತು ಹತ್ತನೇ ತರಗತಿಗೆ ಸೀಮಿತಗೊಳಿಸಿತು. ಒಂದರಿಂದ ಎಂಟನೇ ತರಗತಿಯ ಮಕ್ಕಳು ಹೊರಗುಳಿದರು. ಮೌಲಾನಾ ಆಝಾದ್ ಹೆಸರಿನ ಸಂಶೋಧನಾ ಫೆಲೋಶಿಪ್ ಕೂಡಾ ಅದೇ ವರ್ಷ ನಿಂತಿತು. ಅದೇ 2022ರಲ್ಲಿ ನಮ್ಮ ರಾಜ್ಯದ ಅನೇಕ ವಿದ್ಯಾರ್ಥಿನಿಯರು ತಲೆವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನ ಹೊರಗೆ ನಿಂತರು, ಪರೀಕ್ಷೆಗಳನ್ನು ಕಳಕೊಂಡರು. ತಮ್ಮ ಮಕ್ಕಳು ಓದುವುದಿಲ್ಲ ಎಂದು ಒಂದು ಸಮುದಾಯವನ್ನು ಹಂಗಿಸುವವರು, ಓದಲು ಬಂದ ಹೆಣ್ಣುಮಕ್ಕಳ ಮುಂದೆ ಗೇಟು ಮುಚ್ಚಿದ್ದು ಯಾಕೆ ಎಂಬುದಕ್ಕೂ ಉತ್ತರಿಸಬೇಕಾಗಿದೆ. ಆದರೆ ಒಂದು ಮಾತನ್ನು ನಾವು ನಮಗೇ ಹೇಳಿಕೊಳ್ಳಬೇಕು. ಆ ಹೆಣ್ಣುಮಕ್ಕಳು ತರಗತಿಯ ಒಳಗೆ ಹೋಗಲು ಹೋರಾಡುತ್ತಿದ್ದಾಗ, ಅವರದೇ ಮನೆಗಳ ಗಂಡು ಹುಡುಗರಲ್ಲಿ ಎಷ್ಟು ಮಂದಿ ತೆರೆದಿದ್ದ ಗೇಟಿನಿಂದ ತಾವಾಗಿಯೇ ಹೊರಗೆ ಬರುತ್ತಿದ್ದರು?

ಸಹೋದರಿಯರೇ, ಈ ಮಾತಿನ ಭಾರ ನಿಮಗೆ ನಮಗಿಂತ ಚೆನ್ನಾಗಿ ಗೊತ್ತಿದೆ. ಎಸೆಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ರಾಜ್ಯದಲ್ಲಿ ಹುಡುಗಿಯರೇ ಮುಂದಿರುವುದು ವಾಡಿಕೆಯಾಗಿಬಿಟ್ಟಿದೆ. ನಮ್ಮ ಮನೆಗಳಲ್ಲೂ ಹಾಗೆಯೇ. ಮಗಳು ಪದವಿ ಮುಗಿಸುತ್ತಾಳೆ, ಬಿ.ಎಡ್. ಮಾಡುತ್ತಾಳೆ. ಅವಳಿಗೆ ವರ ನೋಡುವಾಗ ಒಂಬತ್ತನೇ ತರಗತಿ ಬಿಟ್ಟ ಹುಡುಗರ ಸಾಲು ಎದುರಾಗುತ್ತದೆ. ಆಗ ತಾಯಿ, ‘ಇವಳನ್ನು ಇಷ್ಟು ಓದಿಸಬಾರದಿತ್ತು’ ಎಂದು ನಿಟ್ಟುಸಿರು ಬಿಡುತ್ತಾಳೆ. ತಪ್ಪಿದ್ದು ಎಲ್ಲಿ? ಮಗಳನ್ನು ಓದಿಸಿದ್ದರಲ್ಲೋ ಅಥವಾ ಇನ್ನೊಬ್ಬರ ಮಗನನ್ನು ಓದಿಸದೇ ಬಿಟ್ಟದ್ದರಲ್ಲೋ? ಅವಳನ್ನು ಮದುವೆಯಾಗುವ ಹುಡುಗ ಕೆಟ್ಟವನೆಂದಲ್ಲ. ಆದರೆ ಅವಳ ಓದು ಅವನಿಗೆ ಸವಾಲಿನಂತೆ ಕಾಣತೊಡಗಿದರೆ, ಅವಳ ಪ್ರಮಾಣಪತ್ರಗಳು ಕಪಾಟು ಸೇರುತ್ತವೆ. ಒಬ್ಬ ಹುಡುಗ ಶಾಲೆ ಬಿಡುವಾಗ ಅವನಿಗೆ ಗೊತ್ತಿಲ್ಲದಂತೆಯೇ ಒಬ್ಬ ಹುಡುಗಿಯ ಓದನ್ನೂ ಬಿಡಿಸಿರುತ್ತಾನೆ.

‘ದೀನೀ ವಿದ್ಯೆ ಇದ್ದರೆ ಸಾಲದೇ’ ಎಂದು ಕೇಳುವವರಿಗೆ, ಮದ್ರಸದಿಂದಲೇ ಬಂದ ನಾವು ಒಂದು ಘಟನೆಯನ್ನು ನೆನಪಿಸುತ್ತೇವೆ. ಬದ್ರ್ ಯುದ್ಧದ ಬಳಿಕ ಸೆರೆಯಾಳುಗಳಲ್ಲಿ ಓದು ಬರಹ ಬಲ್ಲವರಿದ್ದರು. ಬಿಡುಗಡೆಯ ಹಣ ಕೊಡಲಾಗದ ಅಂಥವರು ಮದೀನಾದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅದೇ ಪರಿಹಾರವೆಂದು ಪ್ರವಾದಿ(ಸ) ನಿಗದಿಪಡಿಸಿದ್ದರು ಎಂದು ಚರಿತ್ರೆಯ ಗ್ರಂಥಗಳಲ್ಲಿದೆ. ಕಲಿಸಿದವರು ಆ ಹೊತ್ತಿಗೆ ವಿಶ್ವಾಸಿಗಳಾಗಿರಲಿಲ್ಲ, ಕಲಿಸಿದ್ದು ಬರವಣಿಗೆಯನ್ನು. ಅದೇ ಮದೀನಾದಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಂಥ ಸಹಾಬಿಗಳು ಯಾರ ಹಂಗಿಗೂ ಬೀಳದೆ ಮಾರುಕಟ್ಟೆಯ ದಾರಿ ಕೇಳಿದ್ದರು. ಅಕ್ಷರವೂ ಬೇಕು, ಮಾರುಕಟ್ಟೆಯೂ ಬೇಕು ಎಂದು ತಿಳಿದಿದ್ದ ಸಮಾಜ ಅದು. ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕೆಂದು ನಮಗೆ ಹೇಳಿಕೊಟ್ಟವರು ಯಾರು?

ಕೊನೆಯದಾಗಿ, ಮಾಡಬೇಕಾದ ಕೆಲಸದ ಬಗ್ಗೆ. ಈ ಜಮಾಅತಿನ ವ್ಯಾಪ್ತಿಯಲ್ಲಿ ಹದಿನೈದರಿಂದ ಇಪ್ಪತ್ತೈದು ವರ್ಷದೊಳಗಿನ ಎಷ್ಟು ಮಂದಿಯ ಬಳಿ ಎಸೆಸೆಲ್ಸಿ ಅಂಕಪಟ್ಟಿ ಇಲ್ಲ? ವರಿಸಂಗ್ರಹಕ್ಕೆ ಮನೆಮನೆಗೆ ಹೋಗುವ ಸಮಿತಿಗೆ ಇದನ್ನು ಪಟ್ಟಿ ಮಾಡುವುದು ದೊಡ್ಡ ಮಾತಲ್ಲ. ಅನುತ್ತೀರ್ಣರಾದವರಿಗೆ ನಮ್ಮ ರಾಜ್ಯದಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಬಾರಿ ಎಸೆಸೆಲ್ಸಿ ಪರೀಕ್ಷೆ ಬರೆಯುವ ಅವಕಾಶ ಕಲ್ಪಿಸಲಾಗಿದೆ. ಶಾಲೆಯನ್ನೇ ಬಿಟ್ಟವರು ಖಾಸಗಿ ಅಭ್ಯರ್ಥಿಗಳಾಗಿ ಕುಳಿತುಕೊಳ್ಳಬಹುದು. ಅದೂ ಕಷ್ಟವೆನಿಸಿದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಹದಿನಾಲ್ಕು ವರ್ಷ ತುಂಬಿದವರು ಅಲ್ಲಿ ತಮಗೆ ಒಗ್ಗುವ ಐದು ವಿಷಯಗಳನ್ನು ಆರಿಸಿಕೊಂಡು, ಒಂದೊಂದಾಗಿ ಪರೀಕ್ಷೆ ಬರೆದು ಹತ್ತನೇ ತರಗತಿ ಮುಗಿಸಬಹುದು. ದರ್ಸ್‌ಗಳಲ್ಲಿ, ಅರಬಿ ಕಾಲೇಜುಗಳಲ್ಲಿ ಕಲಿಯುವ ಮಕ್ಕಳಿಗೂ ಇದು ತೆರೆದ ಬಾಗಿಲು.

ಹತ್ತನೇ ತರಗತಿಯ ಬಳಿಕ ಎಲ್ಲರೂ ಎಂಜಿನಿಯರ್, ವೈದ್ಯರೇ ಆಗಬೇಕೆಂದಿಲ್ಲ. ವಯರಿಂಗ್, ಎ.ಸಿ. ಮೆಕ್ಯಾನಿಕ್, ಫಿಟ್ಟರ್ ಕೆಲಸದಲ್ಲಿ ಆಸಕ್ತಿ ಇದ್ದವನನ್ನು ಐಟಿಐಗೆ ಕಳುಹಿಸಿ. ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾ ಮುಗಿಸಿದವನು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. ಗ್ಯಾರೇಜಿನಲ್ಲಿ ಹೆಲ್ಪರ್ ಆಗಿ ಸೇರಿದ ಹುಡುಗನಿಗೆ ಈ ದಾರಿ ಇಲ್ಲ, ಐಟಿಐ ಮುಗಿಸಿ ಅದೇ ಗ್ಯಾರೇಜಿಗೆ ಸೇರಿದವನಿಗೆ ಇದೆ. ಕೆಲಸ ಒಂದೇ, ಸ್ಪಾನರ್ ಒಂದೇ. ವ್ಯತ್ಯಾಸ ಇಷ್ಟೇ.

ಭಟ್ಕಳದ ಹಿರಿಯರು 1919ರಲ್ಲಿ ಅಂಜುಮನ್ ಕಟ್ಟಿದಾಗ, ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಅಲ್ ಅಮೀನ್ ಆರಂಭಿಸಿದಾಗ ಅವರ ಕೈಯಲ್ಲಿ ಇಂದಿನ ನಮ್ಮಷ್ಟು ಅನುಕೂಲತೆಗಳು ಇರಲಿಲ್ಲ. ನಮ್ಮಿಂದ ಈಗ ಕಾಲೇಜು ಕಟ್ಟಲು ಯಾರೂ ಹೇಳುತ್ತಿಲ್ಲ. ಮಗ್ರಿಬ್ ಮತ್ತು ಇಶಾ ನಮಾಝಿನ ನಡುವೆ ಬರಿದಾಗಿರುವ ಈ ಮದ್ರಸದ ನಾಲ್ಕು ಕೋಣೆಗಳನ್ನು ತೆರೆದರೆ ಸಾಕು. ಕಲಿಸುವವರು ಯಾರು ಎಂದು ಕೇಳಬೇಡಿ. ಬಿ.ಎಡ್. ಮಾಡಿ ಮನೆಯಲ್ಲಿರುವ ನಿಮ್ಮ ಹೆಣ್ಣುಮಕ್ಕಳಿದ್ದಾರೆ. ಕೆಲಸ ಸಿಗದೆ ಕುಳಿತಿರುವ ಪದವೀಧರರಿದ್ದಾರೆ.

ಹಾಜಿಯವರೇ, ನಿಮ್ಮ ಇಬ್ಬರು ಮೊಮ್ಮಕ್ಕಳೂ ಗೆಲ್ಲಬಹುದು. ಅಣ್ಣನಿಗೆ ಲೆಕ್ಕ ಗೊತ್ತಿದೆ, ವ್ಯಾಪಾರ ಗೊತ್ತಿಲ್ಲ. ತಮ್ಮನಿಗೆ ವ್ಯಾಪಾರ ಗೊತ್ತಿದೆ, ಲೆಕ್ಕಪತ್ರ ಗೊತ್ತಿಲ್ಲ. ತಮ್ಮ ಕೆಲಸ ಮಾಡುವ ಬಟ್ಟೆ ಅಂಗಡಿಯ ಜಿಎಸ್‌ಟಿ ಲೆಕ್ಕವನ್ನು ಹೊರಗಿನವರಿಗೆ ಹಣ ಕೊಟ್ಟು ಮಾಡಿಸಲಾಗುತ್ತಿದೆ ಎಂದು ನೀವೇ ಹೇಳಿದಿರಿ. ಅಣ್ಣ ನಾಳೆಯಿಂದ ಆ ಅಂಗಡಿಯ ಕಟ್ಟೆ ಹತ್ತಲಿ, ಅದರಲ್ಲಿ ಅವಮಾನವಿಲ್ಲ. ರಾತ್ರಿ ಬಂದು ತಮ್ಮನಿಗೆ ಪಾಠ ಹೇಳಿಕೊಡಲಿ. ತಮ್ಮನಿಂದ ಪಡೆದ ಪೆಟ್ರೋಲಿನ ಹಣವನ್ನು ತೀರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕೊಲ್ಲಿಯಿಂದ ಮರಳಿದ ನಮ್ಮ ಗೆಳೆಯನ ಬಗ್ಗೆ ಹೇಳದೆ ಮುಗಿಸಿದರೆ ಮಾತು ಅಪೂರ್ಣವಾಗುತ್ತದೆ. ಅವನೀಗ ಊರಿನಲ್ಲೇ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದಾನೆ. ಕಳೆದ ಸಲ ಖಾಸಗಿ ಅಭ್ಯರ್ಥಿಯಾಗಿ ಎಸೆಸೆಲ್ಸಿ ಬರೆದ. ಐದು ವಿಷಯಗಳಲ್ಲಿ ಉತ್ತೀರ್ಣನಾದ, ಗಣಿತದಲ್ಲಿ ಅನುತ್ತೀರ್ಣನಾದ. ಮತ್ತೊಮ್ಮೆ ಶುಲ್ಕ ಕಟ್ಟಿದ್ದಾನೆ. ಅಂಗಡಿಯ ತಕ್ಕಡಿಯ ಪಕ್ಕದಲ್ಲೇ ಗಣಿತದ ಪುಸ್ತಕ ಇರುತ್ತದೆ. ಹೈಸ್ಕೂಲಿಗೆ ಹೋಗುವ ಮಗ ಸಂಜೆ ಬಂದು ಅವನಿಗೆ ಬೀಜಗಣಿತ ಹೇಳಿಕೊಡುತ್ತಾನೆ. ‘ನನಗೆ ಇನ್ನು ಅದರಿಂದ ಏನಾಗಬೇಕಾಗಿದೆ ಗೊತ್ತಿಲ್ಲ. ಆದರೆ ನಾನು ಬರೆಯುವುದನ್ನು ಅವನು ನೋಡಬೇಕು’ ಎಂದ.

ಮಗನಿಗೆ ಎರಡನೇ ಅವಕಾಶ ಕೊಡುವವರು ಯಾರು ಎಂಬುದಕ್ಕೆ ಉತ್ತರವನ್ನು ನಾವು ಅಲ್ಲಿ, ಆ ಅಂಗಡಿಯಲ್ಲಿ ಕಂಡೆವು. ಈ ಸಭೆ ಮುಗಿದು ಮನೆಗೆ ಹೋಗುವಾಗ, ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಅಂಕಪಟ್ಟಿ ಇಲ್ಲದ ಒಬ್ಬ ಹುಡುಗನ ಹೆಸರನ್ನು ಜಮಾಅತಿನ ಕಾರ್ಯದರ್ಶಿಯವರಲ್ಲಿ ಬರೆಸಿ ಹೋಗಿ. ಒಂದೇ ಹೆಸರು ಸಾಕು. ಅಲ್ಲಾಹನು ನಮ್ಮ ಪ್ರಯತ್ನವನ್ನು ಸ್ವೀಕರಿಸಲಿ.